ಎಟಿಎಂನ ಹಿತ್ತಿಲ ಬಾಗಿಲು ಮುಚ್ಚಿದ ಕತೆ

ನಾನು ಒಂದು ಬ್ಯಾಂಕಿನ ಎಟಿಎಂ ಸಾಫ್ಟ್‌ವೇರ್ ತಂಡದಲ್ಲಿದ್ದೇನೆ. ಯಂತ್ರದ ಕಬ್ಬಿಣ, ಬೀಗ, ಕ್ಯಾಮೆರಾ ನಮ್ಮದಲ್ಲ. ನೋಟು ತುಂಬುವವರೂ ಬೇರೆ. ಕಾರ್ಡ್ ಒಳಗೆ ಹೋದ ಮೇಲೆ ಯಂತ್ರಕ್ಕೂ ಬ್ಯಾಂಕಿನ ಸರ್ವರ್‌ಗೂ ಒಂದು ಮಾತುಕತೆ ನಡೆಯುತ್ತದಲ್ಲ, ಅದು ನಮ್ಮ ಪಾಲಿನದು. 'ಹಣ ತೆಗೆಯುವುದನ್ನು ಇನ್ನಷ್ಟು ಭದ್ರ ಮಾಡಿ' ಎಂದು ಮೇಲಿನಿಂದ ಒಂದು ಸಾಲಿನ ಆದೇಶ ಬಂತು. ಹೇಗೆ ಅನ್ನೋದು ಅದರಲ್ಲಿ ಇರಲಿಲ್ಲ.

ಮೊದಲ ಸಭೆಯಲ್ಲಿ ಎಲ್ಲರದ್ದೂ ಹೊಸದನ್ನು ತರುವ ಮಾತೇ. ಬೆರಳಚ್ಚು, ಮುಖ ಗುರುತು, ಫೋನಿಗೆ ಕೋಡ್. ನಮ್ಮ ತಂಡದ ಹಿರಿಯರೊಬ್ಬರು ಮಾತ್ರ ದೂರುಗಳ ಕಡತ ತರಿಸಿ ಎಂದರು. 'ಈಗ ಹಣ ಯಾವ ದಾರೀಲಿ ಹೋಗ್ತಿದೆ ಅಂತ ಗೊತ್ತಿಲ್ಲದೆ ಯಾವ ದಾರಿ ಮುಚ್ತೀರಿ?' ಎಂದು ಕೇಳಿದರು. ಯಾರಿಗೂ ಇಷ್ಟವಾಗಲಿಲ್ಲ. ಕಡತ ಓದುವುದು ಬೇಸರದ ಕೆಲಸ. ಅದು ನನ್ನ ತಲೆಗೇ ಬಂತು.

'ಕಾರ್ಡ್ ನನ್ನ ಕೈಯಲ್ಲೇ ಇದೆ, ಹಣ ಮಾತ್ರ ಹೋಗಿದೆ.' ಹೆಚ್ಚಿನ ದೂರುಗಳು ಹೀಗೇ ಶುರುವಾಗುತ್ತಿದ್ದವು. ಪ್ರತಿ ದೂರಿಗೂ ಆ ವ್ಯವಹಾರದ ಸಂದೇಶವನ್ನು ಹುಡುಕಿ ಪಕ್ಕದಲ್ಲಿಟ್ಟುಕೊಂಡೆ. ಎಟಿಎಂ ಸಂದೇಶಗಳಿಗೆ ಐಎಸ್ಒ 8583 ಎಂಬ ಮಾದರಿ ಇದೆ. ಅದರಲ್ಲಿ 22ನೇ ಅಂಕಣ ಕಾರ್ಡನ್ನು ಹೇಗೆ ಓದಲಾಯಿತು ಎಂದು ಹೇಳುತ್ತದೆ. ನಮ್ಮಲ್ಲಿ 05 ಎಂದರೆ ಚಿಪ್, 90 ಎಂದರೆ ಹಿಂಬದಿಯ ಕಪ್ಪು ಕಾಂತಪಟ್ಟಿ, 80 ಎಂದರೆ ಕಾರ್ಡಿನಲ್ಲಿ ಚಿಪ್ ಇದ್ದರೂ ಅದು ಮಾತಾಡಲಿಲ್ಲ, ಹಾಗಾಗಿ ಪಟ್ಟಿಯನ್ನೇ ಓದಿದೆವು ಎಂದರ್ಥ. ಇದನ್ನು ನಾವು ಫಾಲ್‌ಬ್ಯಾಕ್ ಎನ್ನುತ್ತೇವೆ. ಕಾರ್ಡ್ ಕೈಯಲ್ಲಿದ್ದೂ ಹಣ ಹೋದ ದೂರುಗಳನ್ನು ತೆಗೆದರೆ ಪುಟ ಪುಟದಲ್ಲೂ 80.

ಅಂದರೆ ನಮ್ಮ ಕಾರ್ಡುಗಳಲ್ಲಿ ಚಿಪ್ ಬಂದು ಎಷ್ಟೋ ಕಾಲವಾಗಿತ್ತು. ಮುಂಬಾಗಿಲಿಗೆ ಒಳ್ಳೆಯ ಬೀಗ ಬಿದ್ದಿತ್ತು. ಹಿತ್ತಿಲ ಬಾಗಿಲನ್ನು ಮಾತ್ರ, ಅನುಕೂಲಕ್ಕಿರಲಿ ಅಂತ, ಸುಮ್ನೆ ಓರೆ ಮಾಡಿ ಬಿಟ್ಟಿದ್ದರು.

ಪಟ್ಟಿಯಲ್ಲಿ ಏನಿರುತ್ತದೆ ಎಂದು ಸ್ವಲ್ಪ ಹೇಳಬೇಕು. ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, 3 ಅಂಕಿಯ ಸರ್ವಿಸ್ ಕೋಡ್, ಮತ್ತೆ ಸಿವಿವಿ ಎಂಬ ತಾಳೆ ಅಂಕಿ. ಇವತ್ತು ಓದಿದರೂ ನಾಳೆ ಓದಿದರೂ ಅದೇ. ಕಾರ್ಡ್ ತೂರಿಸುವ ಬಾಯಿಯ ಮೇಲೆ ಕಳ್ಳ ತನ್ನದೊಂದು ತೆಳು ಓದುಗವನ್ನು, ಅಂದರೆ ಸ್ಕಿಮ್ಮರ್ ಅನ್ನು ಅಂಟಿಸಿದರೆ ಅವನಿಗೆ ಇಷ್ಟೂ ಸಿಗುತ್ತದೆ. ಮೇಲೊಂದು ಸೂಜಿಗಣ್ಣಿನ ಕ್ಯಾಮೆರಾ ಇಟ್ಟರೆ ಪಿನ್ನೂ ಸಿಕ್ಕಿತು.

ಸರ್ವಿಸ್ ಕೋಡಿನ ಮೊದಲ ಅಂಕಿ 2 ಅಥವಾ 6 ಆಗಿದ್ದರೆ 'ನನ್ನಲ್ಲಿ ಚಿಪ್ ಇದೆ' ಎಂದು ಅರ್ಥ. ನಕಲಿ ಕಾರ್ಡಿನ ಪಟ್ಟಿಯೂ ಹಾಗೇ ಹೇಳುತ್ತದೆ. ಯಂತ್ರ ಚಿಪ್ ಹುಡುಕುತ್ತದೆ. ಅಲ್ಲಿ ಸತ್ತ ಚಿಪ್ ಇರುತ್ತದೆ, ಇಲ್ಲವೇ ಬರೀ ಪ್ಲಾಸ್ಟಿಕ್. ಯಂತ್ರ 'ಪಾಪ, ಚಿಪ್ ಕೆಟ್ಟಿದೆ' ಅಂದುಕೊಂಡು ಪಟ್ಟಿಗೆ ಇಳಿಯುತ್ತದೆ. ಹಾಗಾದರೆ ಕಳ್ಳ ಆ 2 ಅನ್ನು 1 ಮಾಡಿ ಚಿಪ್ಪೇ ಇಲ್ಲದ ಕಾರ್ಡ್ ಎಂದು ಹೇಳಬಹುದಲ್ಲ ಎಂದು ಕೇಳಬಹುದು. ಆಗಲ್ಲ. ಸಿವಿವಿ ಲೆಕ್ಕ ಹಾಕುವಾಗ ಸರ್ವಿಸ್ ಕೋಡೂ ಸೇರಿರುತ್ತದೆ. ಒಂದು ಅಂಕಿ ಬದಲಿಸಿದರೆ ತಾಳೆ ತಪ್ಪುತ್ತದೆ. ಬ್ಯಾಂಕ್ ತಾಳೆ ನೋಡುತ್ತಿದ್ದರೆ ಮಾತ್ರ, ಅದು ಬೇರೆ ಮಾತು.

ಈ ಕಡತ ಓದುವಾಗಲೇ ನಾನು ಹಳೆಯ ಯಂತ್ರಗಳ ಚರಿತ್ರೆಯನ್ನೂ ತಿರುವಿದೆ. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಇಟ್ಟ ಯಂತ್ರಕ್ಕೆ ಪ್ಲಾಸ್ಟಿಕ್ ಕಾರ್ಡ್ ಇರಲಿಲ್ಲ. ಕಾಗದದ ಚೀಟಿ. ಗುರುತಿಗೆ ಅದರಲ್ಲಿ ಒಂಚೂರು ಕಾರ್ಬನ್-14 ಲೇಪಿಸಿದ್ದರು. ಚೀಟಿ ಹಾಕಿದರೆ ಯಂತ್ರ ಅದನ್ನು ನುಂಗಿಕೊಂಡು ಹಣ ಕೊಡುತ್ತಿತ್ತು. ಆ ಯಂತ್ರ ರೂಪಿಸಿದ ಜಾನ್ ಶೆಪರ್ಡ್-ಬ್ಯಾರನ್ ಮೊದಲು 6 ಅಂಕಿಯ ಗುಟ್ಟು ಸಂಖ್ಯೆ ಯೋಚಿಸಿದ್ದರಂತೆ. ಹೆಂಡತಿ ನಾಲ್ಕಕ್ಕಿಂತ ಜಾಸ್ತಿ ನೆನಪಿಡೋಕೆ ಆಗಲ್ಲ ಎಂದದ್ದಕ್ಕೆ 4ಕ್ಕೆ ಇಳಿಸಿದರಂತೆ. ಎಲ್ಲರೂ ಈ ಪಿನ್ ಕತೆಯನ್ನೇ ಹೇಳುತ್ತಾರೆ. ನನಗೆ ಹಿಡಿಸಿದ್ದು ಆ ಚೀಟಿ. ಒಂದು ಸಲ ಬಳಸಿದರೆ ಮುಗಿಯಿತು, ನಕಲು ಮಾಡಿಕೊಳ್ಳಲು ಏನೂ ಉಳಿಯುವುದಿಲ್ಲ. ಆಮೇಲೆ ಪಟ್ಟಿಯ ಕಾರ್ಡ್ ಬಂದು ಆ ಗುಣವನ್ನು ಕಳೆಯಿತು. ದಶಕಗಳ ನಂತರ ಚಿಪ್ ಬಂದು ಅದನ್ನೇ ವಾಪಸ್ ತಂದಿತು. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಲೆಕ್ಕ ಹಾಕಿ ಕೊಡುತ್ತದೆ, ಜೊತೆಗೆ ಒಂದೊಂದೇ ಏರುವ ಎಣಿಕೆಯನ್ನೂ ಕಳಿಸುತ್ತದೆ. ನಿನ್ನೆಯ ಸಂಕೇತ ಇವತ್ತು ನಡೆಯಲ್ಲ.

ಸರಿ, ಫಾಲ್‌ಬ್ಯಾಕ್ ನಿಲ್ಲಿಸಿಬಿಡೋಣ ಎಂದೆ. ಜಗಳ ಶುರುವಾಯಿತು.

ಶಾಖೆಗಳವರ ವಾದ ಸುಳ್ಳಾಗಿರಲಿಲ್ಲ. ಚಿಪ್ಪಿನ ಚಿನ್ನದ ಬಣ್ಣದ ಮೈ ಸವೆಯುತ್ತದೆ. ಪರ್ಸಿನಲ್ಲಿ ಬಾಗಿ ಬಾಗಿ ಒಳಗಿನ ತಂತಿ ಬಿಟ್ಟುಹೋಗುತ್ತದೆ. ಅಂಥ ಕಾರ್ಡಿನವರು ರಾತ್ರಿ ಹೊತ್ತು ಯಂತ್ರದ ಮುಂದೆ ನಿಂತಾಗ ಹಣ ಬರದಿದ್ದರೆ? 'ನಿಮಗೇನು, ಬೈಸಿಕೊಳ್ಳೋರು ನಾವು' ಎಂದರು. ಫಾಲ್‌ಬ್ಯಾಕ್ ಇಷ್ಟು ಕಾಲ ಉಳಿದುಕೊಂಡದ್ದು ಈ ಒಂದು ಹೆದರಿಕೆಯಿಂದಲೇ ಎಂದು ನನಗನ್ನಿಸುತ್ತದೆ. ತಂತ್ರಜ್ಞಾನದ ಅಡ್ಡಿ ಏನೂ ಇಲ್ಲ.

ಹಾಗಾಗಿ ಮುಚ್ಚುವ ಮೊದಲು ನಿಜವಾಗಿ ಯಾರ ಚಿಪ್ ಸತ್ತಿದೆ ಎಂದು ಕಂಡುಹಿಡಿಯಲು ಹೊರಟೆವು. ಇಡೀ ಕೆಲಸದಲ್ಲಿ ನನಗೆ ತುಂಬ ಖುಷಿ ಕೊಟ್ಟ ಭಾಗ ಇದು. ಒಂದೇ ಕಾರ್ಡ್ ಬೇರೆ ಬೇರೆ ಯಂತ್ರಗಳಲ್ಲಿ ಪದೇ ಪದೇ 80 ಆಗುತ್ತಿದ್ದರೆ ಕಾರ್ಡ್ ಕೆಟ್ಟಿದೆ. ಒಂದೇ ಯಂತ್ರದಲ್ಲಿ ಹಲವು ಕಾರ್ಡುಗಳು 80 ಆಗುತ್ತಿದ್ದರೆ ಯಂತ್ರದ ಓದುಗ ಕೊಳೆಯಾಗಿದೆ, ಅಥವಾ ಅದರ ಬಾಯಿಗೆ ಯಾರೋ ಏನೋ ತುರುಕಿದ್ದಾರೆ. ಇದುವರೆಗೂ ಚಿಪ್ಪಿನಲ್ಲೇ ಸಲೀಸಾಗಿ ನಡೆಯುತ್ತಿದ್ದ ಕಾರ್ಡ್ ಒಂದು ದಿನ ದಿಢೀರನೆ ಎಲ್ಲೋ ದೂರದ ಯಂತ್ರದಲ್ಲಿ 80 ಆಗಿ, ಮಿತಿಯಷ್ಟೂ ಹಣ ತೆಗೆದಿದ್ದರೆ ಅದು ಕಳ್ಳತನ. ಮೂರು ಗುಂಪೂ ಒಂದೇ ಅಂಕಣದಿಂದ ಬೇರೆಯಾದವು. ವರ್ಷಗಟ್ಟಲೆ ಅದು ಲಾಗಿನಲ್ಲಿ, ಅಂದರೆ ವ್ಯವಹಾರಗಳ ದಾಖಲೆಯಲ್ಲಿ ಬಿದ್ದಿತ್ತು, ಯಾರೂ ಕೇಳಿರಲಿಲ್ಲ.

ಮೊದಲ ಗುಂಪಿನವರಿಗೆ ಕೇಳದೆಯೇ ಹೊಸ ಕಾರ್ಡ್ ಕಳಿಸಿದೆವು. ಎರಡನೆಯ ಗುಂಪಿನ ಯಂತ್ರಗಳ ಓದುಗ ಸ್ವಚ್ಛ ಮಾಡಿಸಿದೆವು, ಕೆಲವನ್ನು ಬದಲಿಸಿದೆವು. ಆಮೇಲೆ ನಮ್ಮ ಬ್ಯಾಂಕಿನ ಕಾರ್ಡ್ ಯಾವ ಯಂತ್ರದಿಂದ 80 ಆಗಿ ಬಂದರೂ ಸರ್ವರ್ ಒಪ್ಪದ ಹಾಗೆ ಮಾಡಿದೆವು. ಒಮ್ಮೆಲೇ ಅಲ್ಲ. ಮೊದಲು ದೊಡ್ಡ ಮೊತ್ತಕ್ಕೆ, ನಂತರ ಎಲ್ಲದಕ್ಕೂ. ಬೇರೆ ಬ್ಯಾಂಕಿನ ಕಾರ್ಡ್ ನಮ್ಮ ಯಂತ್ರಕ್ಕೆ ಬಂದರೆ ತೀರ್ಮಾನ ಆ ಬ್ಯಾಂಕಿನದು. 80 ಎಂದು ಪ್ರಾಮಾಣಿಕವಾಗಿ ಹೇಳಿ ಕಳಿಸುವುದಷ್ಟೇ ನಮ್ಮ ಕೆಲಸ. ಶಾಖೆಯವರು ಹೆದರಿದಷ್ಟು ಗಲಾಟೆ ಆಗಲಿಲ್ಲ. ನಿಜವಾಗಿ ಕಷ್ಟವಾಗಬಹುದಾಗಿದ್ದವರ ಕೈಗೆ ಆಗಲೇ ಹೊಸ ಕಾರ್ಡ್ ತಲುಪಿತ್ತು.

ಚಿಪ್ ಇದ್ದರೆ ನಿಶ್ಚಿಂತೆ ಎಂದು ಹೇಳುವ ಹಾಗೂ ಇಲ್ಲ. ಚಿಪ್ ಲೆಕ್ಕ ಹಾಕುವ ಸಂಕೇತಕ್ಕೆ ಯಂತ್ರವೂ ಒಂದು ಅಂದಾಜಿಗೆ ಸಿಗದ ಸಂಖ್ಯೆ ಕೊಡಬೇಕು. 2012ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಎಟಿಎಂಗಳು ಆ ಸಂಖ್ಯೆಯನ್ನು ಬರೀ ಎಣಿಕೆ ಅಥವಾ ಗಡಿಯಾರ ನೋಡಿ ಕೊಡುತ್ತಿವೆ ಎಂದು ತೋರಿಸಿದರು. ಮುಂದಿನ ಸಂಖ್ಯೆ ಊಹಿಸಲು ಸಾಧ್ಯವಾದರೆ, ಕಾರ್ಡ್ ಸ್ವಲ್ಪ ಹೊತ್ತು ಕೈಗೆ ಸಿಕ್ಕಾಗ ಮುಂಚಿತವಾಗಿಯೇ ಸಂಕೇತ ಪಡೆದಿಟ್ಟುಕೊಂಡು ಆಮೇಲೆ ಬಳಸಬಹುದು. ನಾವೂ ನಮ್ಮ ಯಂತ್ರಗಳ ಆ ಸಂಖ್ಯೆಗಳನ್ನು ಲಾಗಿನಿಂದ ಹೊರತೆಗೆದು ಸಾಲಾಗಿ ಜೋಡಿಸಿ ನೋಡಿದೆವು. ಒಂದು ಹಳೆಯ ಮಾದರಿಯಲ್ಲಿ ಮೊದಲರ್ಧ ಅಲುಗದೆ ನಿಂತಿತ್ತು. ಯಂತ್ರ ತಯಾರಿಸಿದವರಿಗೆ ಬರೆದೆವು, ಹೊಸ ಸಾಫ್ಟ್‌ವೇರ್ ಬಂತು. ಕಣ್ಣಲ್ಲೇ ಕಾಣುವ ದೋಷ ಅದು. ನೋಡಿದವರಿರಲಿಲ್ಲ ಅಷ್ಟೇ.

ಶಿಮ್ಮರ್ ಎಂಬುದು ಇನ್ನೊಂದು. ಸ್ಕಿಮ್ಮರ್‌ನ ತಮ್ಮ ಎನ್ನಿ. ಕಾಗದದಷ್ಟು ತೆಳುವಾಗಿ ಓದುಗದ ಒಳಗೇ ಕೂತು ಚಿಪ್ ಮತ್ತು ಯಂತ್ರದ ಮಾತು ಕದ್ದು ಕೇಳುತ್ತದೆ. ಅದಕ್ಕೆ ಸಿಗುವ ವಿವರಗಳಿಂದ ನಕಲಿ ಚಿಪ್ ಮಾಡಲಾಗದು, ಆದರೆ ನಕಲಿ ಪಟ್ಟಿ ಬರೆಯಲು ನೋಡಬಹುದು. ಇದಕ್ಕಾಗಿಯೇ ಚಿಪ್ಪಿನೊಳಗೆ ಪಟ್ಟಿಯಲ್ಲಿರುವ ಸಿವಿವಿ ಇಡುವುದಿಲ್ಲ, ಬೇರೆಯೇ ತಾಳೆ ಅಂಕಿ ಇಡುತ್ತಾರೆ. ಚಿಪ್ಪಿನ ಅಂಕಿ ಪಟ್ಟಿಯಿಂದ ಬಂದರೆ ಬ್ಯಾಂಕ್ ತಿರಸ್ಕರಿಸಬೇಕು. ನಮ್ಮ ಸರ್ವರ್ ಎರಡರಲ್ಲಿ ಯಾವುದು ಬಂದರೂ 'ಸರಿ' ಎನ್ನುತ್ತಿತ್ತು! ಯಾವ ಕಾಲದಲ್ಲೋ ಯಾರೋ ದೂರು ಕಡಿಮೆಯಾಗಲಿ ಎಂದು ಹಾಗೆ ಇಟ್ಟಿದ್ದರು. ಅದೂ ಒಂದು ಫಾಲ್‌ಬ್ಯಾಕೇ ಅಲ್ವಾ?

ಕೀ, ಅಂದರೆ ಪಿನ್ನನ್ನು ಗೂಢಲಿಪಿ ಮಾಡುವ ಗುಟ್ಟು ಸಂಖ್ಯೆ; ಅದನ್ನು ಬದಲಾಯಿಸುವ ಕೆಲಸವೂ ಇದರ ಜೊತೆಜೊತೆಗೇ ನಡೆಯಿತು. ನೀವು ಒತ್ತುವ ಪಿನ್, ಯಂತ್ರದ ಕಂಪ್ಯೂಟರಿಗೆ ಬರೀ ಅಂಕಿಗಳಾಗಿ ಹೋಗುವುದಿಲ್ಲ. ಕೀಪ್ಯಾಡ್ ಒಳಗೇ ಗೂಢಲಿಪಿಯಾಗಿ ಹೊರಬರುತ್ತದೆ. ಅದೂ ಕಾರ್ಡ್ ನಂಬರಿನ ಜೊತೆ ಬೆರೆತು. ಹಾಗಾಗಿ ಇಬ್ಬರ ಪಿನ್ ಒಂದೇ ಆಗಿದ್ದರೂ ತಂತಿಯಲ್ಲಿ ಹೋಗುವುದು ಬೇರೆ ಬೇರೆ. ಕೀಪ್ಯಾಡನ್ನು ಬಿಚ್ಚಲು ಹೋದರೆ ಒಳಗಿನ ಕೀ ತಾನಾಗಿಯೇ ಅಳಿಸಿಹೋಗುತ್ತದೆ. ಹಿಂದೆ ಈ ಕೆಲಸಕ್ಕೆ ಡಿಇಎಸ್ ಎಂಬ ವಿಧಾನ ಇತ್ತು. 1998ರಲ್ಲಿ ಅದನ್ನು ಒಂದು ವಿಶೇಷ ಯಂತ್ರದಿಂದ ಮೂರು ದಿನದೊಳಗೆ ಮುರಿದು ತೋರಿಸಿದ ಮೇಲೆ ಎಲ್ಲರೂ ಅದನ್ನೇ ಮೂರು ಸಲ ಮಾಡುವ ಟ್ರಿಪಲ್ ಡಿಇಎಸ್ ಕಡೆ ಹೋದರು.

ನಮ್ಮ ಹಳೆಯ ಯಂತ್ರಗಳಿಗೆ ಕೀಯನ್ನು ಕೈಯಲ್ಲೇ ತುಂಬಬೇಕಿತ್ತು. ಇಬ್ಬರು ಬೇಕು. ಇಬ್ಬರಿಗೂ ಒಂದೊಂದು ಮುಚ್ಚಿದ ಲಕೋಟೆ. ಪ್ರತಿಯೊಂದರಲ್ಲೂ 0ಯಿಂದ 9 ಮತ್ತು ಎ-ಯಿಂದ ಎಫ್ ವರೆಗಿನ 32 ಚಿಹ್ನೆಗಳು. ಒಬ್ಬರು ತಮ್ಮ ಅರ್ಧ ಒತ್ತುವಾಗ ಇನ್ನೊಬ್ಬರು ಹೊರಗಿರಬೇಕು. ಎರಡೂ ಒಳಗೆ ಸೇರಿ ನಿಜವಾದ ಕೀ ಆಗುತ್ತದೆ, ಅದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಕೊನೆಗೆ ಪರದೆಯ ಮೇಲೆ 6 ಚಿಹ್ನೆಯ ತಾಳೆ ಬರುತ್ತದೆ. ಅದು ಕಾಗದದಲ್ಲಿರುವುದರ ಜೊತೆ ಕೂಡಬೇಕು. 8 ಯಾವುದು, ಬಿ ಯಾವುದು ಎಂದು ಕಣ್ಣು ಕಿರಿದು ಮಾಡಿ ಒತ್ತಿ, ಕೊನೆಗೆ ತಾಳೆ ಬರದೆ ಮತ್ತೆ ಮೊದಲಿಂದ ಒತ್ತುವಾಗ ಯಾರಿಗಾದರೂ 'ಎರಡೂ ಲಕೋಟೆ ನನಗೇ ಕೊಡಿ, ಬೇಗ ಮುಗಿಸ್ತೀನಿ' ಎನಿಸದೆ ಇರದು. ನಮಗೂ ಹಾಗೆ ಹೇಳಿದ ಸಹೋದ್ಯೋಗಿಗಳು ಸಿಕ್ಕರು. ಕೊಡಲಿಲ್ಲ. ಒಬ್ಬರೇ ಎರಡೂ ಅರ್ಧ ನೋಡಿದ ಕ್ಷಣದಿಂದ ಆ ಯಂತ್ರದಲ್ಲಿ ಒತ್ತುವ ಪ್ರತಿ ಪಿನ್ನೂ ಆ ಒಬ್ಬರ ನಿಯತ್ತಿನ ಮೇಲೆ ನಿಂತಿರುತ್ತದೆ. ಹೊಸ ಯಂತ್ರಗಳಿಗೆ ದೂರದಿಂದಲೇ ಕೀ ಕಳಿಸುವ ವ್ಯವಸ್ಥೆ ಬಂದ ಮೇಲೆ ಈ ಲಕೋಟೆಯ ಆಟ ಕಡಿಮೆಯಾಯಿತು.

ಕೀಪ್ಯಾಡಿನ ಮೇಲೆ ಒಂದು ಮರೆ ಹಾಕಿಸಿದ್ದು ಎಲ್ಲಕ್ಕಿಂತ ಅಗ್ಗದ ಕೆಲಸ, ಉಪಯೋಗ ಮಾತ್ರ ದೊಡ್ಡದು. ಕ್ಯಾಮೆರಾಗೆ ಬೆರಳು ಕಾಣದಿದ್ದರೆ ಸ್ಕಿಮ್ಮರ್ ಅರ್ಧ ಸೋತಂತೆ. ಮರೆ ತೀರ ಆಳವಾದರೆ ಗಾಲಿಕುರ್ಚಿಯಲ್ಲಿ ಬರುವವರಿಗೆ ಗುಂಡಿಗಳು ಕಾಣಿಸವು ಎಂದು ಒಂದು ಮಾದರಿಯನ್ನು ವಾಪಸ್ ಕಳಿಸಿದೆವು. ಬೆರಳಿನ ಬಿಸಿಯಿಂದ ಪಿನ್ ಕದಿಯಬಹುದು ಎಂದು ಸಭೆಯಲ್ಲಿ ಯಾರೋ ಹೆದರಿಸಿದರು. 2011ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿದ್ದಾರೆ. ಪ್ಲಾಸ್ಟಿಕ್ ಕೀಪ್ಯಾಡಿನಲ್ಲಿ ಉಷ್ಣ ಕ್ಯಾಮೆರಾ ಕೆಲಸ ಮಾಡಿತು, ಲೋಹದ್ದರಲ್ಲಿ ಮಾಡಲಿಲ್ಲ. ನಮ್ಮವು ಲೋಹದವು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಫೋನಿಗೆ ಕೋಡ್ ಕಳಿಸುವ ಕೆಲಸ ಕೊನೆಗೆ ಬಂತು. ದೊಡ್ಡ ಮೊತ್ತಕ್ಕೆ ಮಾತ್ರ. ಬರೆಯುವುದು ಸುಲಭ, ಸರಿಯಾಗಿ ನಡೆಸುವುದು ಕಷ್ಟ. ಸಂದೇಶ ತಡವಾದರೆ ಯಂತ್ರ ಎಷ್ಟು ಹೊತ್ತು ಕಾಯಬೇಕು? ಕಾರ್ಡ್ ಒಳಗಿದೆ, ಹಿಂದೆ ಸಾಲಿದೆ, ನಿಂತವರಿಗೆ ಬೆವರು. ಕಾಯುವ ಸಮಯ ಜಾಸ್ತಿ ಮಾಡಿದರೆ ಪಕ್ಕದಲ್ಲಿ ನಿಂತು 'ನಾನು ಸಹಾಯ ಮಾಡ್ತೀನಿ' ಎನ್ನುವವರಿಗೂ ಅಷ್ಟೇ ಸಮಯ ಸಿಕ್ಕಿತು. ಸಂದೇಶದ ಮಾತುಗಳ ಬಗ್ಗೆ ನಾವು ಕೀಗಿಂತ ಜಾಸ್ತಿ ಜಗಳವಾಡಿದ್ದೇವೆ. ಮೊದಲ ಕರಡಿನಲ್ಲಿ ಕೋಡ್ ಮೊದಲು, ಎಚ್ಚರಿಕೆ ಕೊನೆಗಿತ್ತು. ಕೋಡ್ ಕಂಡ ಮೇಲೆ ಯಾರೂ ಮುಂದೆ ಓದುವುದಿಲ್ಲ. ಹಾಗಾಗಿ ತಿರುಗಿಸಿದೆವು. ಎಷ್ಟು ಹಣ, ಯಾವ ಜಾಗದ ಎಟಿಎಂ ಎಂಬುದು ಮೊದಲು, ಕೋಡ್ ಆಮೇಲೆ. ಮನೆಯಲ್ಲಿ ಕೂತವರಿಗೆ ಇನ್ಯಾವುದೋ ಊರಿನ ಎಟಿಎಂ ಹೆಸರು ಕಂಡರೆ, ಫೋನಿನಲ್ಲಿ ಕೋಡ್ ಕೇಳುತ್ತಿರುವವನು ಯಾರು ಎಂದು ಅನುಮಾನ ಬರಲೇಬೇಕು.

ಫೋನ್ ಚಾರ್ಜ್ ಮುಗಿದಿದ್ದರೆ ಏನು ಮಾಡೋಣ ಎಂಬ ಪ್ರಶ್ನೆ ಬಂದಾಗ ನನಗೆ ನಗು ಬಂತು. ಸಹಾಯವಾಣಿಗೆ ಕರೆ ಮಾಡಿ ಹುಟ್ಟಿದ ದಿನ ಹೇಳಿದರೆ ಕೋಡ್ ಇಲ್ಲದೆ ಬಿಡೋಣ ಎಂಬುದು ಒಂದು ಸಲಹೆ. ಅಂದರೆ ಇನ್ನೊಂದು 80. ನಾವು ಒಪ್ಪಲಿಲ್ಲ. ಕೋಡ್ ಬರದಿದ್ದರೆ ಮಿತಿಯೊಳಗಿನ ಸಣ್ಣ ಮೊತ್ತ ತೆಗೆಯಬಹುದು, ಅಷ್ಟೇ. ಫೋನ್ ನಂಬರ್ ಬದಲಿಸಿದರೆ ಸ್ವಲ್ಪ ಕಾಲ ದೊಡ್ಡ ಮೊತ್ತ ತೆಗೆಯಲಾಗದ ಹಾಗೆ ಮಾಡಿದೆವು. ಕಳ್ಳನಿಗೆ ಕೋಡ್ ಮುರಿಯುವುದಕ್ಕಿಂತ ನಂಬರ್ ಬದಲಾಯಿಸುವುದು ಸುಲಭ. ನಿಜವಾಗಿ ನಂಬರ್ ಬದಲಿಸಿದವರು ಬೈದರು, ಬೈಯಲಿ.

ನೋಟು ಹೊರಬಂದ ಮೇಲಿನ ಭಾಗವನ್ನು ಎಲ್ಲರೂ ಮರೆಯುತ್ತಾರೆ. ನೋಟು ತೆಗೆದುಕೊಳ್ಳದಿದ್ದರೆ ಕೆಲವು ಯಂತ್ರಗಳು ಅದನ್ನು ಒಳಗೆ ಎಳೆದುಕೊಳ್ಳುತ್ತವೆ, ಆಮೇಲೆ ಯಂತ್ರ ರಿವರ್ಸಲ್ ಕಳಿಸಿ ಖಾತೆಗೆ ಹಣ ವಾಪಸ್ ಹಾಕಿಸುತ್ತದೆ. ಚಾಲಾಕಿಗಳು ಕಟ್ಟಿನ ನಡುವಿಂದ ಕೆಲವು ನೋಟು ಎಳೆದುಕೊಂಡು ಉಳಿದದ್ದನ್ನು ಹಾಗೇ ಬಿಡುತ್ತಿದ್ದರು. ಎಳೆದುಕೊಂಡ ನೋಟುಗಳನ್ನು ಹಳೆಯ ಯಂತ್ರ ಎಣಿಸುವುದಿಲ್ಲ. ಖಾತೆಗೆ ಪೂರ್ತಿ ಹಣ ವಾಪಸ್, ಕೈಯಲ್ಲಿ ನೋಟು ಉಚಿತ. ಒಳಗೆ ಎಳೆದುಕೊಂಡಾಗ ತಾನಾಗಿಯೇ ರಿವರ್ಸಲ್ ಹೋಗುವುದನ್ನು ನಾವು ನಿಲ್ಲಿಸಿದೆವು. ಪೆಟ್ಟಿಗೆ ತೆರೆದು ಎಣಿಸಿದ ಮೇಲೆಯೇ ಹಣ. ಮರೆತು ಹೋದ ಪ್ರಾಮಾಣಿಕರು ಇದರಿಂದ ಕಾಯಬೇಕಾಯಿತು. ಈ ಒಂದು ತೀರ್ಮಾನದ ಬಗ್ಗೆ ನನಗೆ ಈಗಲೂ ಪೂರ್ತಿ ಸಮಾಧಾನವಿಲ್ಲ. ಕಳ್ಳರ ದೆಸೆಯಿಂದ ಎಲ್ಲರಿಗೂ ತಡ.

ಇದಕ್ಕೆ ತಿರುವುಮುರುವಾದ ಮೋಸವೂ ಇದೆ. ನೋಟು ಬರುವ ಬಾಯಿಗೆ ಸುಳ್ಳು ಮುಚ್ಚಳ ಅಂಟಿಸಿರುತ್ತಾರೆ. ನೋಟು ಒಳಗೇ ಸಿಕ್ಕಿಕೊಳ್ಳುತ್ತದೆ. ನೀವು ಯಂತ್ರ ಕೆಟ್ಟಿದೆ ಎಂದು ಹೋಗುತ್ತೀರಿ, ಅವನು ಬಂದು ಕಿತ್ತುಕೊಳ್ಳುತ್ತಾನೆ. ಹಾಗಾಗಿ ಶಟರ್ ಪೂರ್ತಿ ಮುಚ್ಚಿಕೊಳ್ಳದಿದ್ದರೆ ಯಂತ್ರ ಕೂಡಲೇ ಸೇವೆ ನಿಲ್ಲಿಸಿ ನಮಗೆ ಸುದ್ದಿ ಕಳಿಸುವ ಹಾಗೆ ಮಾಡಿದೆವು. ಹಣ ಎಣಿಸುವ ಸದ್ದು ಕೇಳಿ ನೋಟು ಬರದಿದ್ದರೆ ಅಲ್ಲಿಂದ ಕದಲಬೇಡಿ. ಬಾಯಿಯನ್ನು ಕೈಯಿಂದ ಅಲುಗಿಸಿ ನೋಡಿ, ಅಲ್ಲಿಂದಲೇ ಬ್ಯಾಂಕಿಗೆ ಕರೆ ಮಾಡಿ. ಹಾಗೇ, ಮರೆ ಇದ್ದರೂ ಪಿನ್ ಒತ್ತುವಾಗ ಇನ್ನೊಂದು ಕೈ ಅಡ್ಡ ಹಿಡಿಯಿರಿ. ನಾನಂತೂ ಎಲ್ಲ ಕಡೆ ಹಿಡಿಯುತ್ತೇನೆ. ಜೊತೆಗಿದ್ದವರು ನಗುತ್ತಾರೆ.

ಯಂತ್ರವನ್ನೇ ವಶ ಮಾಡಿಕೊಂಡು ನೋಟು ಸುರಿಸುವುದು ಬೇರೆ ಲೋಕ. 2010ರಲ್ಲಿ ಭದ್ರತಾ ಸಂಶೋಧಕ ಬಾರ್ನಬಿ ಜ್ಯಾಕ್ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಎಂಬ ಭದ್ರತಾ ಸಮ್ಮೇಳನದ ವೇದಿಕೆಯ ಮೇಲೆ ಅದನ್ನು ಮಾಡಿ ತೋರಿಸಿದ್ದರು. ಕಂಪ್ಯೂಟರಿಗೂ ನೋಟು ಕೊಡುವ ಭಾಗಕ್ಕೂ ನಡುವಿನ ತಂತಿಯನ್ನು ಗೂಢಲಿಪಿಗೆ ತಂದದ್ದು, 2014ರ ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ವಿಂಡೋಸ್ ಎಕ್ಸ್‌ಪಿ ಇನ್ನೂ ಉಳಿದಿದ್ದ ಯಂತ್ರಗಳನ್ನು ತೆಗೆದದ್ದು, ಇವೆಲ್ಲ ಬೇರೆ ತಂಡದ ಕೆಲಸ. ಅವರ ಕತೆ ಅವರೇ ಹೇಳಲಿ.

ಈಗ ದೂರುಗಳ ಕಡತದ ಬಣ್ಣ ಬದಲಾಗಿದೆ. 'ಕಾರ್ಡ್ ಕೈಯಲ್ಲೇ ಇದೆ' ಎಂಬ ಸಾಲು ಅಪರೂಪ. 'ಬ್ಯಾಂಕಿನಿಂದ ಅಂತ ಫೋನ್ ಬಂತು, ಕೋಡ್ ಕೇಳಿದರು' ಎಂಬುದೇ ಜಾಸ್ತಿ. ಇದನ್ನು ಹಿಡಿಯಲು ನಮ್ಮ ಸಂದೇಶದಲ್ಲಿ ಅಂಕಣ ಇಲ್ಲ. ಆ ಕೆಲಸಕ್ಕೆ ಬೇರೆಯವರು ಕೂತಿದ್ದಾರೆ, ನಾವು ಅವರಿಗೆ ಸಮಯ, ಜಾಗ, ಮೊತ್ತ ಕೊಡುತ್ತಿದ್ದೇವೆ.

ಮುಂದಿನದು ಕಾರ್ಡ್ ತೂರಿಸದೆ ತೋರಿಸಿದರೆ ಸಾಕು ಎನ್ನುವ ಓದುಗ. ಕಾರ್ಡನ್ನು ಬಾಯಿಗೆ ತೂರಿಸದಿದ್ದರೆ ಅಲ್ಲಿ ಅಂಟಿಸಿದ ಸ್ಕಿಮ್ಮರ್‌ಗೆ ಏನೂ ಸಿಗುವುದಿಲ್ಲ, ಒಳ್ಳೆಯದೇ. ಅದರ ಮೊದಲ ಸಭೆಯಲ್ಲಿ ನಾನು ಕೇಳಿದ್ದು ಒಂದೇ: ಇದು ಓದಲಾಗದಿದ್ದರೆ ಯಂತ್ರ ಏನು ಮಾಡುತ್ತದೆ? ಚಿಪ್ ಕೇಳಬೇಕು, ಪಟ್ಟಿಗೆ ಇಳಿಯುವ ದಾರಿಯೇ ಸಾಫ್ಟ್‌ವೇರಿನಲ್ಲಿ ಇರಬಾರದು ಎಂದು ವಿನ್ಯಾಸದ ಕಾಗದದಲ್ಲಿ ಬರೆಸಿಕೊಂಡಿದ್ದೇವೆ. ಯಂತ್ರ ಮಾರುವವರು ಒಪ್ಪಿದ್ದಾರೆ. ಅದಕ್ಕೆ ಎಷ್ಟು ಜಾಸ್ತಿ ಕೇಳುತ್ತಾರೆ ಅನ್ನೋದು ಇನ್ನೂ ಗೊತ್ತಾಗಬೇಕು.